ಹೊಟ್ಟೆಯ ಕಲ್ಲಿಗೆ ರಸೀದಿ

ನನ್ನ ಗಂಡನ ಹೊಟ್ಟೆಯಲ್ಲಿ ಹುಟ್ಟಿದ ಕಲ್ಲು ಅವರದಲ್ಲ, ಪುರಸಭೆಯದು ಎಂದು ಇನ್ಸ್‌ಪೆಕ್ಟರ್ ಗುರುಪಾದಪ್ಪ ನಮ್ಮ ಹೊಸ್ತಿಲ ಮೇಲೆ ನಿಂತು ಹೇಳಿದ್ದು ಒಂದು ಮಂಗಳವಾರ. ಅವತ್ತು ನಾನು ಏನು ಮಾಡಿದೆ ಎಂಬುದನ್ನು ಊರಲ್ಲಿ ಒಬ್ಬೊಬ್ಬರು ಒಂದೊಂದು ಥರ ಹೇಳುತ್ತಾರೆ. ಸಾವಂತ್ರೆವ್ವ ಸೌಟು ಎತ್ತಿದಳು ಎನ್ನುವವರೂ ಇದ್ದಾರೆ. ಎತ್ತಲಿಲ್ಲ. ಕೈಯಲ್ಲಿ ಸೌಟು ಇತ್ತು, ಅಷ್ಟೆ. ನಡೆದದ್ದನ್ನು ನಡೆದ ಹಾಗೆ ನಾನೇ ಹೇಳಿಬಿಡುತ್ತೇನೆ.

ನಮ್ಮೂರಿನ ನಳದ ನೀರು ಕಲ್ಲು ಹೆರುವ ನೀರು. ಲೋಟದಲ್ಲಿ ತುಂಬಿಟ್ಟು ಮೂರು ದಿನ ಮರೆತರೆ ಸಾಕು, ನಾಲ್ಕನೆಯ ದಿನ ಬೋರಲು ಹಾಕಿ ತಟ್ಟಿದಾಗ ಲೋಟದ್ದೇ ಆಕಾರದ ಬಿಳಿ ಕಲ್ಲೊಂದು ಠಣ್ಣೆಂದು ಕೆಳಗೆ ಬೀಳುತ್ತದೆ. ಒಗೆದ ಸೀರೆಯನ್ನು ತಂತಿಯಿಂದ ಇಳಿಸಿದರೆ ಹಲಗೆಯ ಹಾಗೆ ನಿಲ್ಲುತ್ತದೆ, ಮೊಣಕಾಲು ಊರಿ ಮಡಚಬೇಕು. ಸಾಬೂನು ಎಷ್ಟು ತಿಕ್ಕಿದರೂ ನೊರೆ ಬರುವುದಿಲ್ಲ. ನೊರೆ ಎಂದರೆ ನಮ್ಮ ಮಕ್ಕಳಿಗೆ ಹಾಲಿನದೊಂದೇ ಗೊತ್ತು. ತೊಗರಿಬೇಳೆ ಮೂರು ತಾಸು ಕುದಿದರೂ ಕಾಳು ಕಾಳಾಗಿಯೇ ನಗುತ್ತಿರುತ್ತದೆ. ಬೇರೆ ಊರಿನಿಂದ ಬಂದ ಸೊಸೆಯರು ಮೊದಲ ವಾರ ಒಲೆಯ ಮುಂದೆ ಕುಳಿತು ಅಳುತ್ತಾರೆ. ಎರಡನೆಯ ವಾರ ಅತ್ತೆಯರು ಹೇಳಿಕೊಡುತ್ತಾರೆ: ಹಿಂದಿನ ದಿನವೇ ನೆನೆಹಾಕು, ಒಳಕಲ್ಲಿನಲ್ಲಿ ಅರೆ, ಆಮೇಲೆ ಕುದಿಸು. ಹೀಗೆ ಎಲ್ಲರೂ ಕಲಿಯುತ್ತಾರೆ. ನಾನೂ ಕಲಿತೆ. ಮದುವೆಯಾಗಿ ಬಂದಾಗ ಮೊಣಕಾಲಿನವರೆಗೆ ಇದ್ದ ನನ್ನ ಜಡೆ ಎರಡು ವರ್ಷದಲ್ಲಿ ತೆಂಗಿನ ನಾರಾಗಿ ಭುಜಕ್ಕೆ ಬಂತು. ಅದನ್ನೂ ಕಲಿತೆ.

ಮಂಗಳವಾರ ಹೆರೆಯುವ ದಿನ. ಕೊಡ, ತಪ್ಪಲಿ, ಹಂಡೆ, ಚಹಾದ ಪಾತ್ರೆ ಎಲ್ಲವನ್ನೂ ಅಂಗಳಕ್ಕೆ ಹಾಕಿಕೊಂಡು ಮೊಂಡು ಉಳಿಯಿಂದ ಬಿಳಿ ಹಕ್ಕಳೆ ಎಬ್ಬಿಸಬೇಕು. ಆ ಹಕ್ಕಳೆಯನ್ನು ಬುಟ್ಟಿಯಲ್ಲಿ ತುಂಬಿ ಬಾಗಿಲಲ್ಲಿ ಇಡಬೇಕು. ಪುರಸಭೆಯ ಬಂಡಿ ಗಂಟೆ ಬಾರಿಸುತ್ತ ಬಂದು ಒಯ್ಯುತ್ತದೆ. ಏಕೆಂದರೆ ನಿಯಮದ ಪುಸ್ತಕದಲ್ಲಿ ಹೀಗೆ ಬರೆದಿದೆ: ‘ನಗರದ ನೀರಿನಿಂದ ಹುಟ್ಟಿದ ಕಲ್ಲೆಲ್ಲವೂ ಪುರಸಭೆಗೆ ಸೇರತಕ್ಕದ್ದು. ಜನರಿಗೆ ಕೊಟ್ಟಿರುವುದು ನೀರು, ಕಲ್ಲಲ್ಲ.’ ಆ ಕಲ್ಲನ್ನು ಅರೆದು, ಅಚ್ಚಿಗೆ ಹಾಕಿ, ಅಧ್ಯಕ್ಷರು ಚೌಕದಲ್ಲಿ ಒಂದು ಸಭಾಭವನ ಕಟ್ಟಿಸುತ್ತಿದ್ದರು. ಬೆಳ್ಳಗೆ, ಕಣ್ಣು ಕುಕ್ಕುವ ಹಾಗೆ. ನಮ್ಮ ಮೊಣಕೈ ನೋವು, ಒಡೆದ ಉಗುರು ಎಲ್ಲ ಸೇರಿ ಮೇಲೆದ್ದ ಗೋಡೆ ಅದು. ಅದರ ಮುಂದೆ ಹಾಯುವಾಗ ಹೆಂಗಸರು ಆ ಕಡೆ ಮುಖ ಹಾಕುತ್ತಿರಲಿಲ್ಲ. ಆದರೆ ಯಾರೂ ಬುಟ್ಟಿ ಇಡುವುದನ್ನು ಬಿಡಲಿಲ್ಲ. ಒಬ್ಬಾತ ಹಂಡೆಯಿಂದ ಎಬ್ಬಿಸಿದ ಕಲ್ಲನ್ನು ಬಟ್ಟೆ ಒಗೆಯಲು ಇಟ್ಟುಕೊಂಡದ್ದಕ್ಕೆ ಒಂದು ತಿಂಗಳು ಅವನ ಮನೆಯ ನಳ ಕಟ್ಟು ಮಾಡಿದ್ದರು.

ಕಟ್ಟು ಮಾಡಿದವರು ನನ್ನ ಗಂಡನೇ. ಈರಸಂಗಪ್ಪ ಎಂದರೆ ಊರಿಗೆ ನೀರು ಬಿಡುವ ಮನುಷ್ಯ. ವಾಲ್ವ್ ತಿರುಗಿಸುವ ಕಬ್ಬಿಣದ ಸಲಾಕೆಯನ್ನು ಹೆಗಲಿಗೆ ಹಾಕಿಕೊಂಡು ಇಪ್ಪತ್ತೆರಡು ವರ್ಷ ಓಣಿ ಓಣಿ ತಿರುಗಿದವರು. ಮನೆಯಲ್ಲಿ ನೀರಿಗೆ ಒಂದು ಮಾತು ಅನ್ನಲು ಬಿಡುತ್ತಿರಲಿಲ್ಲ. ಬೇಳೆ ಬೇಯದಿದ್ದರೆ, “ಬ್ಯಾಳಿ ಹಳೇದಿರಬೇಕು,” ಎನ್ನುತ್ತಿದ್ದರು. ಕೂದಲು ಉದುರಿದರೆ, “ನಿಮ್ಮ ಮನೆತನದಾಗ ಐತಿ ಅದು,” ಎನ್ನುತ್ತಿದ್ದರು. ಊರಲ್ಲಿ ಯಾರಿಗಾದರೂ ಹೊಟ್ಟೆಯಲ್ಲಿ ಕಲ್ಲಾಗಿ ಪುರಸಭೆಗೆ ದೂರು ಒಯ್ದರೆ ಅಲ್ಲಿಯೂ ಇಂಥದೇ ಉತ್ತರ. “ಹುಣಸಿಹಣ್ಣು ಜಾಸ್ತಿ ತಿಂತೀರಿ ನೀವು” ಎಂದು ಕಳಿಸುತ್ತಿದ್ದರು. ‘ನಗರದ ನೀರು ನಿರ್ದೋಷವಾಗಿದೆ’ ಎಂಬ ಪ್ರಮಾಣಪತ್ರಕ್ಕೆ ಕಟ್ಟು ಹಾಕಿಸಿ ಕಚೇರಿಯ ಗೋಡೆಯ ಮೇಲೆ ತೂಗುಹಾಕಿದ್ದಾರೆ. ಅದರ ಗಾಜು ಮಾತ್ರ ಫಳಫಳ ಹೊಳೆಯುತ್ತದೆ.

ಶ್ರಾವಣ ಮುಗಿದ ಎರಡನೆಯ ವಾರ. ನಡುಮಧ್ಯಾಹ್ನ ಐದನೆಯ ವಾರ್ಡಿನ ವಾಲ್ವ್ ಗುಂಡಿಗೆ ಇಳಿದ ನನ್ನ ಗಂಡ ಮೇಲೆ ಬರಲಿಲ್ಲ. ಅಲ್ಲಿದ್ದವರು ಇಣುಕಿ ನೋಡಿದರೆ ಹೊಟ್ಟೆ ಹಿಡಿದುಕೊಂಡು ಮುದ್ದೆಯಾಗಿ ಬಿದ್ದಿದ್ದಾರೆ. ಎತ್ತಿ, ಅಲ್ಲೇ ನಿಂತಿದ್ದ ಹಕ್ಕಳೆ ಬಂಡಿಯಲ್ಲಿ ಹಾಕಿಕೊಂಡು ಮನೆಗೆ ತಂದರು. ಮೈಯೆಲ್ಲ ಬಿಳಿ ಧೂಳು. ಬಾಯಲ್ಲಿ ಟವೆಲು ಕಚ್ಚಿಕೊಂಡಿದ್ದರು. ಪುರಸಭೆಯ ನೌಕರ ಬೀದಿಯಲ್ಲಿ ಚೀರಬಾರದಂತೆ.

ಡಾಕ್ಟರ್ ಖುರ್ಷಿದಾ ಅವರ ದವಾಖಾನೆಗೆ ಕರೆದುಕೊಂಡು ಹೋದೆ. ಅವರು ಫೋಟೋ ತೆಗೆಸಿ ನೋಡಿ, “ಜ್ವಾಳದ ಕಾಳಿನಷ್ಟು ಕಲ್ಲು ಐತಿ. ತಾನ ಬೀಳತೈತಿ. ನೋವಿಗೆ ಗುಳಿಗಿ ಕೊಡ್ತೀನಿ. ಆದ್ರ ನೀರು ಕುಡೀಬೇಕು, ದಿನಕ್ಕ ನಾಲ್ಕೈದು ಲೀಟರ್,” ಎಂದರು.

“ಯಾವ ನೀರು ಡಾಕ್ಟರಬಾಯಿ?” ಎಂದು ಕೇಳಿದೆ.

ಅವರು ಪೆನ್ನನ್ನು ಮೇಜಿನ ಮೇಲೆ ಇಟ್ಟರು. “ನನ್ನ ಕಡೆ ಬರೋ ಎಲ್ಲಾರೂ ಇದ ಕೇಳ್ತಾರ. ಸಿಹಿನೀರು ಎಲ್ಲೆರ ಸಿಕ್ಕೀತೇನ ನೋಡವ್ವ,” ಎಂದರು.

ಮರುದಿನದಿಂದ ಬಸ್ಸು ಹಿಡಿದು ಹತ್ತು ಮೈಲಿ ಆಚೆಯ ಹಳ್ಳಿಗೆ ಹೋಗಿ ಒಂದು ಕೊಡ ನೀರು ತರತೊಡಗಿದೆ. ತೊಡೆಯ ಮೇಲೆ ಕೊಡ ಇಟ್ಟುಕೊಂಡು, ಅದರ ಬಾಯಿಗೆ ಸೆರಗು ಒತ್ತಿ ಹಿಡಿದರೂ ಮನೆ ಮುಟ್ಟುವಷ್ಟರಲ್ಲಿ ಅರ್ಧ ನನ್ನ ಸೀರೆಗೆ, ಅರ್ಧ ಅವರ ಗಂಟಲಿಗೆ. ಮೂರನೆಯ ದಿನ ಕಂಡಕ್ಟರ್ ಹತ್ತಿಸಿಕೊಳ್ಳಲಿಲ್ಲ. ಬಸ್ಸೆಲ್ಲ ರಾಡಿಯಾಗುತ್ತದೆ ಎಂದ. ಅಲ್ಲಿಂದ ನೇರ ಪುರಸಭೆಗೆ ನಡೆದೆ. ಕಚೇರಿಯ ಹಿಂದೆ ಎತ್ತರದ ಗೋಡೆ, ಗೋಡೆಗೊಂದು ಕಬ್ಬಿಣದ ಗೇಟು, ಅದರೊಳಗೆ ಒಂದು ಸಿಹಿನೀರಿನ ಬಾವಿ ಇದೆಯೆಂದು ಎಲ್ಲರಿಗೂ ಗೊತ್ತು. ಆ ನೀರು ಅಧಿಕಾರಿಗಳ ಚಹಾಕ್ಕೆ, ಅಧ್ಯಕ್ಷರ ಮನೆಗೆ, ಮತ್ತೆ ಸಭಾಭವನದ ಕಿಟಕಿ ಗಾಜು ತೊಳೆಯಲಿಕ್ಕೆ. ನಳದ ನೀರಿನಿಂದ ತೊಳೆದರೆ ಗಾಜಿಗೆ ಕಲೆ ಕೂರುತ್ತದಲ್ಲ.

ಬಾಗಿಲಲ್ಲಿ ಕುಳಿತಿದ್ದ ಜವಾನನಿಗೆ ಕೈಮುಗಿದೆ. “ಒಂದ ಕೊಡ ನೀರು ಕೊಡಸ್ರಿ. ನಮ್ಮನಿಯವರು ಒದ್ದಾಡಾಕತ್ತಾರ.”

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ ನಕ್ಕ. “ಏನ್ ಸಾವಂತ್ರೆವ್ವ, ನನಗ ಕೇಳಾಕ ಬಂದೀಯಲ್ಲ! ದಿನಾ ಮುಂಜಾನೆ ಆ ಬಾವಿ ನೀರು ಸೇದೋರು ಯಾರು? ಗೇಟಿನ ಒಂದು ಕೀಲಿಕೈ ಅಧ್ಯಕ್ಷರ ಮನ್ಯಾಗ, ಇನ್ನೊಂದು ನಿನ್ನ ಗಂಡನ ಉಡದಾರದಾಗ ಐತಿ.”

ಆ ಕೀಲಿಕೈಯನ್ನು ನಾನು ಇಪ್ಪತ್ತೆರಡು ವರ್ಷದಿಂದ ನೋಡುತ್ತ ಬಂದಿದ್ದೆ. ಪಂಪ್‌ಹೌಸಿನದು ಎಂದುಕೊಂಡಿದ್ದೆ. ಮನೆಗೆ ಹೇಗೆ ಬಂದೆ ಎಂಬುದು ನೆನಪಿಲ್ಲ. ಅವರು ಗೋಡೆಗೆ ಮುಖ ಮಾಡಿ ಮಲಗಿದ್ದರು.

“ಬಾವಿ ಕೀಲಿಕೈ ನಿಮ್ಮ ನಡದಾಗ ಇಟಗೊಂಡು ನನ್ನ ಬಸ್ಸಿನಾಗ ಕಳಸಿದ್ರಿ?”

ಅವರು ತಿರುಗಲಿಲ್ಲ. “ಅದು ಕೆಲಸದ ಕೀಲಿಕೈ.”

“ಬಾಣಂತನದಾಗ ನನ್ನ ಕೂಸಿನ ಮೈ ಬಿರದು ರಕ್ತ ಬರ್ತಿತ್ತು. ಆವಾಗೂ ಇತ್ತೇನು ಈ ಕೀಲಿಕೈ?”

“ಇತ್ತು.”

“ಒಂದ ತಂಬಿಗಿ ತರಲಿಲ್ಲ ನೀವು.”

“ತಂದಿದ್ರ ಕಳವು ಆಗ್ತಿತ್ತು ಸಾವಂತ್ರಿ. ನಾ ಒಂದ ಹನಿ ಕದ್ದಿಲ್ಲ. ಬೇಕಾದ್ರ ಯಾರನ್ನರ ಕೇಳು.” ಆ ನೋವಿನಲ್ಲೂ ಅವರ ದನಿಯಲ್ಲಿ ಒಂದು ಹೆಮ್ಮೆಯಿತ್ತು. ನನ್ನ ಎದೆಗೆ ಬೆಂಕಿ ಬಿದ್ದದ್ದು ಆಗ. ಕೆಟ್ಟವನ ಜೊತೆ ಜಗಳವಾಡಬಹುದು. ಈ ಪ್ರಾಮಾಣಿಕನ ಜೊತೆ ಏನು ಮಾಡುವುದು?

ಆಮೇಲೆ ನಾನು ಅವರ ಜೊತೆ ಮಾತು ಬಿಟ್ಟೆ. ಎದುರು ಮನೆಯ ತಾರಕ್ಕ, “ನಿದ್ದಿ ಹತ್ತಿದಾಗ ಕೀಲಿಕೈ ಬಿಚ್ಚಿಕೊಂಡು ಹೋಗ, ಯಾರಿಗೆ ಗೊತ್ತಾಗತೈತಿ,” ಎಂದಳು. ನಾನು ಬಿಚ್ಚಿಕೊಳ್ಳಲಿಲ್ಲ. ಅವರೇ ಬಿಚ್ಚಿ ನನ್ನ ಕೈಗೆ ಕೊಡಲಿ ಎಂದು ಹಟ ಹಿಡಿದೆ. ಅವರು ಕೊಡಲಿಲ್ಲ. ಟವೆಲು ಕಚ್ಚಿಕೊಂಡು ಹೊರಳಿದರು. ತಾರಕ್ಕನ ತಮ್ಮ ಸೈಕಲ್ಲಿನ ಮೇಲೆ ತಂದುಕೊಟ್ಟ ಎರಡೆರಡು ಬಾಟಲಿ ನೀರಿನಲ್ಲಿ ದಿನ ದೂಡಿದೆವು. ಒಂಬತ್ತನೆಯ ದಿನ ಬೆಳಿಗ್ಗೆ ಕಲ್ಲು ಬಿತ್ತು. ಬಚ್ಚಲಿನಿಂದ ಗೋಡೆ ಹಿಡಿದುಕೊಂಡು ಬಂದು ಅಂಗೈ ತೆರೆದು ತೋರಿಸಿದರು. ಹಳದಿ ಬಣ್ಣ, ಮೈತುಂಬ ಮುಳ್ಳು. ಇಷ್ಟೇ ಇಷ್ಟು. ನಾನು ಅತ್ತುಬಿಟ್ಟೆ. ಅದನ್ನು ತೊಳೆದು, ಅರಿಶಿನದ ಖಾಲಿ ಭರಣಿಯಲ್ಲಿ ಹಾಕಿ ಗೋಡೆಯ ಮಾಡದಲ್ಲಿ ಇಟ್ಟೆ. ತಾರಕ್ಕ ಬಂದು ನೋಡಿದಳು. ತಾರಕ್ಕ ನೋಡಿದ ಮೇಲೆ ಊರು ನೋಡಿದ ಹಾಗೆಯೇ.

ಅದರ ಮುಂದಿನ ಮಂಗಳವಾರವೇ ನಾನು ಮೊದಲು ಹೇಳಿದ ಮಂಗಳವಾರ. ಬಂಡಿಯ ಜೊತೆ ಎಂದೂ ಬಾರದ ಇನ್ಸ್‌ಪೆಕ್ಟರ್ ಗುರುಪಾದಪ್ಪ ಅಂದು ಬಂದಿದ್ದ. ಕೆಟ್ಟ ಮನುಷ್ಯ ಅಂತ ಹೇಳಲಾರೆ. ತೆಳ್ಳಗೆ, ಇಸ್ತ್ರಿ ಅಂಗಿ, ಕಂಕುಳಲ್ಲಿ ನಿಯಮದ ಪುಸ್ತಕ. ನಿಯಮ ಎಂದರೆ ಅವನಿಗೆ ದೇವರ ಮೇಲಿನ ಹೂವು.

“ಬುಟ್ಟಿ ಇಟ್ಟೀರಿ, ಸರಿ. ಈರಸಂಗಪ್ಪನ ಕಲ್ಲೂ ಕೊಡಬೇಕ್ರಿ ಅಕ್ಕಾರ,” ಎಂದ.

“ಯಾವ ಕಲ್ಲು?”

“ಹೊಟ್ಟ್ಯಾಗಿಂದು. ಸುದ್ದಿ ಬಂದೈತಿ. ನಗರದ ನೀರಿಂದ ಹುಟ್ಟಿದ ಕಲ್ಲೆಲ್ಲ ಪುರಸಭೆದು. ಪಾತ್ರೆ ಅಂತ ಬರದಿಲ್ಲ ನೋಡ್ರಿ ಇಲ್ಲಿ, ಎಲ್ಲಾ ಅಂತ ಬರದೈತಿ.” ಪುಸ್ತಕ ತೆರೆದು ಬೆರಳಿಟ್ಟು ತೋರಿಸಿದ.

ಒಳಗಿನಿಂದ ನನ್ನ ಗಂಡನ ದನಿ ಬಂತು. “ಕೊಟ್ಟ ಕಳಸ ಸಾವಂತ್ರಿ. ನಿಯಮ ಐತಿ.”

ಒಂಬತ್ತು ದಿನ ಕರುಳು ಹಿಂಡಿಸಿಕೊಂಡವರು ಆಡುವ ಮಾತೇ ಇದು! ಸೌಟು ಇನ್ನೂ ನನ್ನ ಕೈಯಲ್ಲೇ ಇತ್ತು. ಬೈಯಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಗುರುಪಾದಪ್ಪನ ಬೆರಳಿನ ಕೆಳಗಿದ್ದ ಸಾಲು ಇನ್ನೊಮ್ಮೆ ಕಣ್ಣಿಗೆ ಬಿತ್ತು. ನಗರದ ನೀರಿನಿಂದ ಹುಟ್ಟಿದ ಕಲ್ಲು. ಬೈಗುಳವನ್ನು ನುಂಗಿಕೊಂಡೆ.

“ಕೊಡ್ತೀನಿ. ಆದ್ರ ರಸೀದಿ ಬರದು ಕೊಡ್ರಿ.”

“ಏನಂತ?”

“ಈ ಕಲ್ಲು ನಗರದ ನೀರು ಕುಡದು ಈರಸಂಗಪ್ಪನ ಹೊಟ್ಟ್ಯಾಗ ಹುಟ್ಟೈತಿ, ಅದಕ್ಕ ಪುರಸಭೆ ತನ್ನ ವಶಕ್ಕ ತಗೊಂಡೈತಿ ಅಂತ.”

ಗುರುಪಾದಪ್ಪನಿಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ನಿಯಮ ಹೇಳುವುದೂ ಅದನ್ನೇ ಅಲ್ಲವೇ? ನಮ್ಮ ಕಟ್ಟೆಯ ಮೇಲೆ ಕುಳಿತು ಮುತ್ತಿನಂಥ ಅಕ್ಷರದಲ್ಲಿ ಬರೆದ. ಸಹಿ ಹಾಕಿದ. ಚೀಲದಿಂದ ಪುರಸಭೆಯ ಮೊಹರಿನ ಶಿಕ್ಕೆ ತೆಗೆದು ಬಾಯಿಯಿಂದ ಊದಿ ಒತ್ತಿದ. ನಾನು ಭರಣಿ ಕೊಟ್ಟೆ, ಕಾಗದ ತೆಗೆದುಕೊಂಡೆ. ಬಂಡಿ ಗಂಟೆ ಬಾರಿಸುತ್ತ ಮುಂದಿನ ಮನೆಗೆ ಹೋಯಿತು.

ಕಾಗದ ಒಯ್ದು ಡಾಕ್ಟರಬಾಯಿಗೆ ತೋರಿಸಿದೆ. ಅವರು ಎರಡು ಸಲ ಓದಿದರು. ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನಕ್ಕರು. ಆಮೇಲೆ ನಗು ನಿಂತಿತು. “ಹದಿನಾಲ್ಕು ವರ್ಷದಿಂದ ನೀರು ಕೆಟ್ಟೈತಿ ಅಂತ ಬರದು ಬರದು ಕೈ ಸೋತು ಹೋಗೈತಿ. ಒಂದ ಕಾಗದಕ್ಕೂ ಅವರು ಹೌದು ಅಂದಿಲ್ಲ. ನೀನು ಶಿಕ್ಕಾ ಒತ್ತಿಸಿಕೊಂಡು ಬಂದೀಯಲ್ಲವ್ವ! ಇದನ್ನ ಮುಚ್ಚಿ ಇಡಬ್ಯಾಡ. ಕಲ್ಲು ಬಿದ್ದ ಪ್ರತಿ ಮನಿಗೂ ತೋರಸು,” ಎಂದರು.

ತೋರಿಸಿದೆ. ಒಂದು ವಾರ ಅದೇ ಕೆಲಸ ಮಾಡಿದೆ. ಎಷ್ಟು ಮನೆಗಳಲ್ಲಿ ಎಷ್ಟು ಜನ ಕಲ್ಲನ್ನು ಇಟ್ಟುಕೊಂಡಿದ್ದರೆಂದು ನನಗೆ ಆಗಲೇ ಗೊತ್ತಾದದ್ದು. ನಾಚಿಕೆಗೋ ಸಿಟ್ಟಿಗೋ, ಎಸೆಯಲು ಮನಸ್ಸಾಗದೆ, ನಶ್ಯದ ಡಬ್ಬಿಯಲ್ಲಿ, ಬೆಂಕಿಪೆಟ್ಟಿಗೆಯಲ್ಲಿ, ದೇವರ ಮನೆಯ ಮೂಲೆಯಲ್ಲಿ.

ಮುಂದಿನ ಮಂಗಳವಾರ ಬೆಳಿಗ್ಗೆ ಹತ್ತಕ್ಕೆ ಪುರಸಭೆಯ ಮುಂದೆ ಸಾಲು ನಿಂತಿತು. ಒಬ್ಬ ಮುದುಕರು ಏಳು ಕಲ್ಲುಗಳನ್ನು ಅಂಗವಸ್ತ್ರದ ತುದಿಗೆ ಒಂದೊಂದೇ ಗಂಟಾಗಿ ಕಟ್ಟಿಕೊಂಡಿದ್ದರು. ಒಬ್ಬ ತಾಯಿ ಎಂಟು ವರ್ಷದ ಮಗಳನ್ನು ಕಂಕುಳಲ್ಲಿ ಎತ್ತಿಕೊಂಡು ಬಂದಿದ್ದಳು. ಕಲ್ಲು ಆ ಹುಡುಗಿಯದು. ಒಬ್ಬಾಕೆ ತೀರಿಹೋದ ಗಂಡನದನ್ನು ತಂದಿದ್ದಳು. ಎಲ್ಲರೂ ಒಂದೇ ಮಾತು: ನಿಮ್ಮ ಕಲ್ಲು ತಗೊಳ್ಳಿ, ರಸೀದಿ ಕೊಡಿ. ಗುರುಪಾದಪ್ಪ ಮೇಜು ಹಾಕಿಕೊಂಡು ಬರೆಯತೊಡಗಿದ. ನಿಯಮ ಇಷ್ಟು ಚೆನ್ನಾಗಿ ಪಾಲನೆಯಾದದ್ದನ್ನು ಅವನು ಎಂದೂ ನೋಡಿರಲಿಲ್ಲ. ಹನ್ನೊಂದರ ಹೊತ್ತಿಗೆ ಅವನ ಕೈ ನಿಧಾನವಾಯಿತು. ಹನ್ನೆರಡರ ಹೊತ್ತಿಗೆ ಅವನು ತಲೆ ಎತ್ತುವುದನ್ನೇ ಬಿಟ್ಟ.

“ಹೆಸರು?” ಎಂದು ಕೇಳಿದ.

“ಗುರುಪಾದಪ್ಪ,” ಎಂದಿತು ಹೆಣ್ಣುದನಿ.

ಎದುರಿಗೆ ಅವನ ಹೆಂಡತಿ ಇಂದುಮತಿಬಾಯಿ ನಿಂತಿದ್ದರು. ಕೈಯಲ್ಲಿ ಬೆಳ್ಳಿಯ ಕುಂಕುಮದ ಬಟ್ಟಲು, ಅದರಲ್ಲಿ ಮೂರು ಕಲ್ಲು.

ಅವನು ಪಿಸುಗುಟ್ಟಿದ. “ಮನಿಗೆ ನಡಿ. ಅಲ್ಲೆ ಮಾತಾಡೂಣು.”

“ಮನ್ಯಾಗ ಭಾಳ ಮಾತಾಡೀವಿ. ಮೂರು ಸಲ ದಿಂಬಿನಾಗ ಬಾಯಿ ತುರುಕಿ ಅತ್ತೀರಿ. ಅಧ್ಯಕ್ಷರಿಗೆ ಗೊತ್ತಾಗಬಾರದು ಅಂತ ಡಾಕ್ಟರ ಕಡೆ ಸುದ್ದಾ ಹೋಗಲಿಲ್ಲ ನೀವು. ಇಲ್ಲೆ ಬರೀರಿ,” ಎಂದರು ಇಂದುಮತಿಬಾಯಿ. ಅವರು ದನಿ ಎತ್ತಲಿಲ್ಲ. ಆದರೂ ಸಾಲಿನ ಕೊನೆಯವರೆಗೆ ಕೇಳಿಸಿತು.

ಗುರುಪಾದಪ್ಪ ಖಾಲಿ ಕಾಗದವೊಂದನ್ನು ಮುಂದಕ್ಕೆ ಎಳೆದುಕೊಂಡ. ಆಮೇಲೆ ಬರೆದ. ಕೊಟ್ಟವನ ಹೆಸರಿನ ಮುಂದೆ ಒಂದು ಸಹಿ, ತೆಗೆದುಕೊಂಡವನ ಹೆಸರಿನ ಮುಂದೆ ಇನ್ನೊಂದು ಸಹಿ. ಎರಡೂ ಅವನವೇ.

ಗದ್ದಲ ಕೇಳಿ ಅಧ್ಯಕ್ಷರು ಒಳಗಿನಿಂದ ಬಂದರು. ಒಂದು ರಸೀದಿ ಎತ್ತಿ ಓದಿದರು. ಅವರ ಮುಖ ಕೆಂಪಾಯಿತು. “ಯಾವ ಮೂರ್ಖ ಬರದಾನ ಇದನ್ನ? ಹೊಟ್ಟ್ಯಾಗಿನ ಕಲ್ಲಿಗೂ ಪುರಸಭೆಗೂ ಏನೂ ಸಂಬಂಧ ಇಲ್ಲ! ಇವೆಲ್ಲಾ ರದ್ದು!”

“ಹಂಗಾದ್ರ ಪಾತ್ರ್ಯಾಗಿನ ಕಲ್ಲು ಯಾರದ್ರಿ?” ನಾನು ಕೇಳಿದೆ. “ಅದೂ ಅದ ನೀರಿಂದ ಹುಟ್ಟೂದು. ಹಂಡೇದು ನಿಮ್ಮದು, ಹೊಟ್ಟೀದು ನಮ್ಮದು ಹೆಂಗ ಆಗತೈತಿ?”

“ನಾ ಬರದದ್ದು ಖರೇ ಐತ್ರಿ ಸಾಹೇಬ್ರ,” ಎಂದ ಗುರುಪಾದಪ್ಪ. ಅವನ ದನಿ ಅವನಿಗೇ ಹೊಸದಾಗಿತ್ತು. ಪೆನ್ನಿನ ಮುಚ್ಚಳ ಹಾಕಿ, ಹೆಂಡತಿಯ ಪಕ್ಕಕ್ಕೆ ಹೋಗಿ ನಿಂತ.

ಅಧ್ಯಕ್ಷರು ಸುತ್ತ ನೋಡಿದರು. ಕಂಬದ ಹತ್ತಿರ ನನ್ನ ಗಂಡ ನಿಂತಿದ್ದರು. ಅಂದೇ ಕೆಲಸಕ್ಕೆ ಮರಳಿದ್ದರು, ಮುಖದಲ್ಲಿ ರಕ್ತವಿರಲಿಲ್ಲ. “ಈರಸಂಗಪ್ಪ! ನಿನ್ನ ಹೆಂಡತೀನ ಮನಿಗೆ ಕರಕೊಂಡು ಹೋಗು. ಆಗೂದಿಲ್ಲಂದ್ರ ಬಾವಿ ಕೀಲಿಕೈ ಇಲ್ಲೆ ಇಟ್ಟು ನೀನೂ ಹೋಗು.”

ನನ್ನ ಗಂಡ ಅಂಗಿ ಎತ್ತಿ ಉಡದಾರದಿಂದ ಕೀಲಿಕೈ ಬಿಚ್ಚಿದರು. ಗಂಟು ಹಳೆಯದು, ಬೇಗ ಬಿಚ್ಚಲಿಲ್ಲ. ಅಷ್ಟು ಜನವೂ ನೋಡುತ್ತಿದ್ದರು. ಮೇಜಿನ ಮೇಲೆ ಇಟ್ಟುಬಿಡುತ್ತಾರೆ ಎಂದುಕೊಂಡೆ, ಆ ಕ್ಷಣದಲ್ಲಿ ನನ್ನ ಸಂಸಾರವೇ ಮುಗಿಯಿತು ಎಂದುಕೊಂಡೆ. ಅವರು ಮೇಜನ್ನು ದಾಟಿ ನಡೆದರು. ಕಚೇರಿಯ ಹಿಂಭಾಗಕ್ಕೆ ಹೋದರು. ಕಬ್ಬಿಣದ ಗೇಟು ಕಿರ್ರೆಂದ ಸದ್ದು ಎಲ್ಲರಿಗೂ ಕೇಳಿಸಿತು.

ನಾವು ಹೋಗಿ ನೋಡಿದರೆ ಅವರು ಆಗಲೇ ಹಗ್ಗ ಇಳಿಬಿಟ್ಟಿದ್ದರು. ಮೊದಲ ಕೊಡ ಮೇಲೆ ಬಂತು. ಎಂಟು ವರ್ಷದ ಆ ಹುಡುಗಿಯ ಬೊಗಸೆಗೆ ಮೊದಲು ಸುರಿದರು. ಆಮೇಲೆ ಗಂಡನನ್ನು ಕಳೆದುಕೊಂಡಾಕೆಗೆ. ಆಮೇಲೆ ಮುದುಕರಿಗೆ. ನನ್ನ ಕಡೆ ನೋಡಲಿಲ್ಲ. ನನಗೆ ಮೊದಲು ಕೊಟ್ಟಿದ್ದರೆ ನಾನು ಅವರನ್ನು ಅಲ್ಲೇ ಬಿಟ್ಟುಬರುತ್ತಿದ್ದೆನೇನೋ.

ಆಮೇಲೆ ಆಗುವುದೆಲ್ಲ ಆಯಿತು. ನನ್ನ ಗಂಡನನ್ನೂ ಗುರುಪಾದಪ್ಪನನ್ನೂ ಅಮಾನತು ಮಾಡಿದರು. ಜಿಲ್ಲೆಯಿಂದ ದೊಡ್ಡ ಅಧಿಕಾರಿ ಬಂದು, ಇನ್ನೂರ ಹನ್ನೊಂದು ರಸೀದಿಗಳನ್ನು ನೋಡಿ, ತಲೆ ಕೆರೆದುಕೊಂಡು ಹೋದರು. ಬಾವಿಯ ಗೇಟಿಗೆ ಮತ್ತೆ ಬೀಗ ಹಾಕುವ ಧೈರ್ಯ ಯಾರಿಗೂ ಬರಲಿಲ್ಲ. ಈಗ ದಿನ ಬಿಟ್ಟು ದಿನ ಮನೆಗೆ ಎರಡು ಕೊಡ ಸಿಹಿನೀರು. ಹಕ್ಕಳೆ ಬಂಡಿ ಬರುವುದು ನಿಂತಿದೆ, ಸಭಾಭವನಕ್ಕೆ ಮಾಳಿಗೆ ಏರಲೇ ಇಲ್ಲ. ಜನ ನನ್ನನ್ನು ಕಂಡರೆ ಕೈಮುಗಿಯುತ್ತಾರೆ. ನನಗೆ ಮೈ ಉರಿಯುತ್ತದೆ. ಎರಡು ಕೊಡಕ್ಕೆ ಯಾರಾದರೂ ಕೈಮುಗಿಯುತ್ತಾರೆಯೇ? ನಳ ತಿರುಗಿಸಿದರೆ ಇಂದಿಗೂ ಬರುವುದು ಅದೇ ನೀರು, ಗೋಡೆಯ ಮೇಲೆ ತೂಗುವುದು ಅದೇ ಪ್ರಮಾಣಪತ್ರ.

ಅಮಾನತಾದ ಮೇಲೆ ನನ್ನ ಗಂಡ ಕೆಲವು ದಿನ ಏನು ಮಾಡಬೇಕೆಂದು ತಿಳಿಯದೆ ಜಗಲಿಯ ಮೇಲೆ ಕೂರುತ್ತಿದ್ದರು. ನಾವು ಮಾತಾಡುತ್ತಿದ್ದೆವು, ಆದರೆ ಬೇಕಾದಷ್ಟೇ. ಮೊನ್ನೆ ಬೆಳಿಗ್ಗೆ ನಾನು ರೊಟ್ಟಿ ಬಡಿಯುತ್ತಿದ್ದಾಗ ಬಂದು ಒಲೆಯ ಪಕ್ಕದಲ್ಲಿ ಕುಳಿತರು. ಏನೋ ಹೇಳುವುದಿತ್ತು.

“ಇನ್ನೂ ಒಂದು ಐತಿ,” ಎಂದರು.

“ಏನು?”

“ಬಾವಿ. ಪ್ರವಾಸಿ ಬಂಗಲೆದ ಹಿಂದ, ಚಪ್ಪಡಿ ಮುಚ್ಚ್ಯಾರ. ಅದರ ನೀರು ಇದಕ್ಕಿಂತ ಸಿಹಿ. ನಾ ಕೆಲಸಕ್ಕ ಸೇರಿದ ವರ್ಷ ಮುಚ್ಚಿದ್ದು. ಚಪ್ಪಡಿ ಹೊತ್ತವರಾಗ ನಾನೂ ಒಬ್ಬ.” ನೆಲ ನೋಡುತ್ತ ಹೇಳಿದರು. “ಯಾರಿಗೂ ಹೇಳಿಲ್ಲ. ನಿನಗ ಹೇಳಾಕತ್ತೀನಿ.”

ಇಪ್ಪತ್ತೆರಡು ವರ್ಷ. ಬಾಯಿಗೆ ಬಂದದ್ದೆಲ್ಲವನ್ನೂ ಹೇಳಬೇಕೆನಿಸಿತು. ಆದರೆ ಈ ಮನುಷ್ಯ ಜೀವಮಾನದಲ್ಲಿ ಮೊದಲ ಸಲ ಯಾರೂ ಕೇಳದೆ ತಾವಾಗಿ ಒಂದು ಮಾತು ಹೇಳಿದ್ದರು. ಹಂಚಿನ ಮೇಲಿದ್ದ ರೊಟ್ಟಿ ಇಳಿಸಿದೆ. ಒಲೆಯ ಕಟ್ಟಿಗೆ ಹೊರಗೆಳೆದೆ. ಕೈಗೆ ಮೆತ್ತಿದ ಹಿಟ್ಟನ್ನು ಸೆರಗಿಗೆ ಒರೆಸಿಕೊಂಡು ಚಪ್ಪಲಿ ಮೆಟ್ಟಿದೆ.

“ಏಳ್ರಿ,” ಎಂದೆ. “ದಾರ್ಯಾಗ ತಾರಕ್ಕನ್ನೂ ಕರಿಯೂಣು. ಚಪ್ಪಡಿ ಇಬ್ಬರಿಂದ ಏಳಂಗಿಲ್ಲ.”